ಗುಲಾಬಿ ತೂತಿನ ಪುರಾಣ

ಮನೆಯ ಕಂಪ್ಯೂಟರಿಗೆ ಹೊರಗಿನ ಮೈಕ್ ಸಿಕ್ಕಿಸುತ್ತೇವೆ. ಪಿನ್ ಟಕ್ಕನೆ ಕೂರುತ್ತದೆ, ದನಿ ಮಾತ್ರ ಬರುವುದಿಲ್ಲ. ಬಂದರೂ ಬಾವಿಯೊಳಗಿಂದ ಬಂದ ಹಾಗೆ, ಮೇಲೊಂದು ‘ಸುಯ್’ ಸದ್ದು. ಮೈಕ್ ಕೆಟ್ಟಿದೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಕೆಟ್ಟಿರುವುದಿಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೆಲಸಕ್ಕೆಂದು ಹುಟ್ಟಿದ ಮೈಕುಗಳು ಒಂದೇ ತೂತಿನ ಮುಂದೆ ಬಂದು ನಿಂತಿರುತ್ತವೆ, ಅಷ್ಟೆ.

ಆ ಪಿನ್ನಿನ ಮೂಲ ಹತ್ತೊಂಬತ್ತನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜು. ಒಬ್ಬರ ಲೈನನ್ನು ಇನ್ನೊಬ್ಬರಿಗೆ ಜೋಡಿಸಲು ಆಪರೇಟರುಗಳು ಫಲಕಕ್ಕೆ ಚುಚ್ಚುತ್ತಿದ್ದ ದಪ್ಪ ಪಿನ್, ಟ್ರಾನ್ಸಿಸ್ಟರ್ ರೇಡಿಯೋ ಕಾಲಕ್ಕೆ 3.5 ಮಿಲಿಮೀಟರಿಗೆ ಇಳಿಯಿತು. ನನ್ನ ಪಿಎಚ್‌ಡಿಗಾಗಿ ನಾನು ಮಾತಾಡಿಸುತ್ತಿರುವುದು ಅಂಥ ಎಕ್ಸ್‌ಚೇಂಜುಗಳಲ್ಲಿ ದುಡಿದು ನಿವೃತ್ತರಾದ ಹೆಂಗಸರನ್ನು. ಎಂಬತ್ತು ದಾಟಿದ ಒಬ್ಬರು ನನ್ನ ಮೈಕಿನ ಪಿನ್ ನೋಡಿ, “ನಮ್ದು ಇದರ ಅಜ್ಜ ಕಣಮ್ಮಾ, ಇಷ್ಟು ದಪ್ಪ ಇತ್ತು” ಎಂದು ಕಿರುಬೆರಳು ತೋರಿಸಿದರು. ‘ನಂಬರ್ ಪ್ಲೀಸ್’ ಎನ್ನುವಾಗ ಅವರ ದನಿ ಇವತ್ತಿಗೂ ಬದಲಾಗುತ್ತದೆ. ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲು ಬರುವುದಿಲ್ಲ.

ಪಿನ್ ಹೊಂದಿದ ಮಾತ್ರಕ್ಕೆ ವಿದ್ಯುತ್ತು ಹೊಂದಬೇಕೆಂದಿಲ್ಲ. ಸಭೆಗಳಲ್ಲಿ ಕೈಲಿ ಹಿಡಿಯುವ ಡೈನಮಿಕ್ ಮೈಕಿನೊಳಗೆ ಆಯಸ್ಕಾಂತ ಮತ್ತು ತಂತಿ ಸುರುಳಿ ಇರುತ್ತವೆ. ಅದಕ್ಕೆ ವಿದ್ಯುತ್ ಬೇಡ, ಆದರೆ ಅದು ಕೊಡುವ ಸಂಕೇತ ಕೆಲವೇ ಮಿಲಿವೋಲ್ಟ್. ಸ್ಟುಡಿಯೋದ ಕಂಡೆನ್ಸರ್ ಮೈಕ್ ಸಾಮಾನ್ಯವಾಗಿ 48 ವೋಲ್ಟ್ ಕೇಳುತ್ತದೆ. ಏಕೆ 48? 1966ರಲ್ಲಿ ಜರ್ಮನಿಯ ನಾಯ್‌ಮನ್ ಕಂಪನಿ ನಾರ್ವೆಯ ರೇಡಿಯೋ ಸಂಸ್ಥೆಗೆ ಮೈಕ್ ಮಾಡಿಕೊಡುವಾಗ, ಅಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ವ್ಯವಸ್ಥೆ ಆಗಲೇ ಇತ್ತು. ಅದನ್ನೇ ಬಳಸಿಕೊಂಡರು, ಉಳಿದವರೂ ಅದನ್ನೇ ಹಿಡಿದರು.

ಕಂಪ್ಯೂಟರಿನ ತೂತು ಇವೆರಡಕ್ಕೂ ಮಾಡಿದ್ದಲ್ಲ. ಅದು ಕಾಯುವುದು ಎಲೆಕ್ಟ್ರೆಟ್ ಮೈಕಿಗೆ. 1962ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್, ವಿದ್ಯುದಾವೇಶವನ್ನು ವರ್ಷಗಟ್ಟಲೆ ಹಿಡಿದಿಡುವ ತೆಳು ಪ್ಲಾಸ್ಟಿಕ್ ಹಾಳೆಯಿಂದ ಇದನ್ನು ಮಾಡಿದರು. ಸಣ್ಣದು, ಅಗ್ಗ. ಈಗಿನ ಎಲೆಕ್ಟ್ರೆಟ್ ಮೈಕಿನೊಳಗಿರುವ ಪುಟ್ಟ ಟ್ರಾನ್ಸಿಸ್ಟರಿಗೆ ಬೇಕಾದ ಕೆಲವು ವೋಲ್ಟನ್ನು ಕಂಪ್ಯೂಟರೇ ಕೊಡುತ್ತದೆ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ರೂಪಿಸಿದ ಪಿಸಿ 99 ಮಾರ್ಗಸೂಚಿ ಈ ತೂತಿಗೆ ಗುಲಾಬಿ ಬಣ್ಣ ಹಚ್ಚಿತು.

ಮೊಬೈಲು ಬಂದು ತಕರಾರು ಹೆಚ್ಚಿತು. ಮೊಬೈಲಿನ ಕಾಲರ್ ಮೈಕಿನ ಪಿನ್ನಿಗೆ ಮೂರು ಕಪ್ಪು ಗೆರೆ, ಗುಲಾಬಿ ತೂತು ನಿರೀಕ್ಷಿಸುವುದು ಎರಡು. ಹಾಗೇ ಸಿಕ್ಕಿಸಿದರೆ ಮೈಕಿನ ಸಂಕೇತ ಅರ್ತಿಗೆ ತಾಗಿ ಪೂರ್ಣ ಮೌನ. ನಡುವೆ ಒಂದು ಸ್ಪ್ಲಿಟರ್ ಬೇಕು. ಆ ಅಜ್ಜಿಯ ಮನೆಯಲ್ಲಿ ಮೊಮ್ಮಗನ ಕಂಪ್ಯೂಟರು ಅವರ ಮಾತು ಹಿಡಿದದ್ದು ಹೀಗೆಯೇ.

ಯುಎಸ್‌ಬಿ ಮೈಕಿಗೆ ಈ ಜಗಳಗಳಿಲ್ಲ, ದನಿಯನ್ನು ಅಂಕಿಗಳಾಗಿಸುವ ಕೆಲಸ ಅದರೊಳಗೇ ಮುಗಿದಿರುತ್ತದೆ. ಆದರೂ ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ ಇನ್‌ಪುಟ್ ಯಾವುದೆಂದು ಆರಿಸಬೇಕು, ಪ್ರೈವೆಸಿ ಭಾಗದಲ್ಲಿ ಮೈಕಿಗೆ ಅನುಮತಿ ಇದೆಯೇ ನೋಡಬೇಕು. ಇದನ್ನು ಅಜ್ಜಿಗೆ ಹೇಳಿದೆ. “ಹಾಗಾದ್ರೆ ಲೈನ್ ಕೊಡೋದು ಈಗ ಅದರ ಕೆಲಸ ಅನ್ನು” ಎಂದರು. ಮುಂದಿನ ವಾರ ಅವರು ಟ್ರಂಕ್ ಕಾಲ್ ದಿನಗಳ ಬಗ್ಗೆ ಹೇಳುವವರಿದ್ದಾರೆ.