ಗಿಡುಗ ಬಂದಾಗ ಹಕ್ಕಿ ತನ್ನ ಹೆಸರು ಹೇಳುವುದಿಲ್ಲ

ಮಧುಗಿರಿಯ ಏಕಶಿಲಾ ಬೆಟ್ಟದ ಕುರುಚಲಿನಲ್ಲಾಗಲಿ, ಕೊರಟಗೆರೆಯ ಸಿದ್ಧರಬೆಟ್ಟದ ತಪ್ಪಲಿನಲ್ಲಾಗಲಿ, ಸಣ್ಣ ಹಕ್ಕಿಗಳು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತವೆ. ಹರಟೆಮಲ್ಲ, ಟುವ್ವಿ ಹಕ್ಕಿ ಎಂಬ ಹೆಸರುಗಳನ್ನು ನಮ್ಮ ಜನ ಇಟ್ಟಿದ್ದೇ ಕಿವಿಯಿಂದ. ಪಂಡಿತರ ಗಮನವೆಲ್ಲ ಬಹುಕಾಲ ಹಾಡಿನ ಮೇಲೇ ಇತ್ತು. 1889ರಲ್ಲಿ ಜರ್ಮನಿಯ ಬಾಲಕ ಲುಡ್ವಿಗ್ ಕೋಕ್ ಫೋನೋಗ್ರಾಫಿನಲ್ಲಿ ಹಿಡಿದಿಟ್ಟದ್ದೂ ಪಂಜರದ ಶಾಮಾ ಹಕ್ಕಿಯ ದನಿಯನ್ನೇ. ಚುಟುಕು ಕೂಗುಗಳನ್ನು ಮಾತ್ರ ಒಬ್ಬ ಲೇಖಕ ‘ಚಿಕ್’ ಎಂದು ಬರೆದರೆ ಇನ್ನೊಬ್ಬ ‘ಟಿಕ್’ ಎಂದು ಬರೆದ. 1950ರ ದಶಕದಲ್ಲಿ ಕೇಂಬ್ರಿಜ್‌ನ ಪ್ರಾಣಿವಿಜ್ಞಾನಿ ಥಾರ್ಪ್ ದನಿಯನ್ನು ಕಾಗದದ ಮೇಲೆ ಚಿತ್ರಿಸುವ ಸ್ಪೆಕ್ಟ್ರೋಗ್ರಾಫ್ ಬಳಸಿದ ಮೇಲೆಯೇ ಈ ಜಗಳ ಅಳತೆಗೆ ಸಿಕ್ಕಿದ್ದು.

ಅಳೆದಾಗ ಸಿಕ್ಕ ಉತ್ತರ ವಿಚಿತ್ರವಾಗಿತ್ತು. ಗಿಡುಗ ಹಾರಿ ಬಂದಾಗ ಬೇರೆ ಬೇರೆ ಜಾತಿಯ ಹಕ್ಕಿಗಳು ಹೆಚ್ಚುಕಡಿಮೆ ಒಂದೇ ಬಗೆಯ ‘ಸೀ...’ ಎನ್ನುತ್ತವೆಂದು 1955ರಲ್ಲಿ ಪ್ರಾಣಿವಿಜ್ಞಾನಿ ಪೀಟರ್ ಮಾರ್ಲರ್ ತೋರಿಸಿದರು. ತಾರಕದ, ಎಳೆಯಂಥ, ಮೆಲ್ಲಗೆ ಶುರುವಾಗಿ ಮೆಲ್ಲಗೆ ಕರಗುವ ದನಿ ಅದು. ಎಲ್ಲಿಂದ ಬಂತೆಂದು ಪತ್ತೆಹಚ್ಚುವುದು ಕಷ್ಟ. ಪೊಟರೆಯ ಹಾಲಕ್ಕಿ ಗೂಬೆಯನ್ನು ಹಗಲಲ್ಲಿ ಕಂಡಾಗಿನ ಚಟಚಟ ಗದ್ದಲವೇ ಬೇರೆ: ‘ಇಲ್ಲಿದೆ, ಬನ್ನಿ’ ಎಂದು ಕರೆಯುವುದೇ ಅದರ ಕೆಲಸ. ಕಣಜ ಗೂಬೆ ಆ ‘ಸೀ’ಯ ಜಾಡನ್ನೂ ಹಿಡಿಯಬಲ್ಲದೆಂದು 1977ರ ಪ್ರಯೋಗ ತೋರಿಸಿತಲ್ಲ ಎಂಬ ಆಕ್ಷೇಪವುಂಟು. ಅದು ನ್ಯಾಯವೇ. ಆದರೆ ಹಗಲಲ್ಲಿ ಈ ಹಕ್ಕಿಗಳನ್ನು ಹಿಡಿಯುವುದು ಗಿಡುಗ. ನಮ್ಮ ಚೇಕಡಿ ಹಕ್ಕಿಯ ಯುರೋಪಿನ ಬಂಧುವಿಗೆ 8 ಕಿಲೋಹರ್ಟ್ಸ್‌ನ ದನಿ ಅಲ್ಲಿನ ಗಿಡುಗಕ್ಕಿಂತ ಎಷ್ಟೋ ಚೆನ್ನಾಗಿ ಕೇಳುತ್ತದೆಂದು 1986ರಲ್ಲಿ ಅಳೆದು ನೋಡಿದ್ದಾರೆ.

ಹಾಗಾಗಿ ಅಪಾಯದ ಕೂಗು ಕೇಳಿದೊಡನೆ ‘ಯಾವ ಹಕ್ಕಿ?’ ಎನ್ನುವುದಕ್ಕಿಂತ ‘ಏನು ಬಂತು?’ ಎನ್ನುವುದೇ ಸರಿಯಾದ ಪ್ರಶ್ನೆ. ಅಮೆರಿಕದ ಚಿಕಡೀ ಹಕ್ಕಿ ಹೆಚ್ಚು ಅಪಾಯಕಾರಿಯಾದ ಸಣ್ಣ ಗೂಬೆಯನ್ನು ಕಂಡಾಗ ತನ್ನ ಕೂಗಿನ ಕೊನೆಯ ‘ಡೀ’ಗಳನ್ನು ಹೆಚ್ಚಿಸುತ್ತದೆಂದು 2005ರಲ್ಲಿ ತಿಳಿಯಿತು. ಶ್ರೀಲಂಕೆಯ ಭೀಮರಾಜ ಹಕ್ಕಿಯಂತೂ ಅಪಾಯ ಕಂಡಾಗ ಬೇರೆ ಹಕ್ಕಿಗಳ ಕೂಗನ್ನೇ ಅನುಕರಿಸುತ್ತದೆ. ಕಿವಿಯನ್ನಷ್ಟೇ ನಂಬಿದವನು ಅಲ್ಲಿ ಬೇಸ್ತು ಬೀಳುತ್ತಾನೆ. 2021ರಿಂದ ಮರ್ಲಿನ್ ಆ್ಯಪ್ ಫೋನಿನಲ್ಲೇ ದನಿ ಗುರುತಿಸುತ್ತಿದೆ, ಧ್ವನಿಮುದ್ರಣ ಹೆಚ್ಚಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಸಂಪರ್ಕದ ಕೂಗುಗಳ ಮಟ್ಟಿಗೆ ಈ ಮಾತು ಒಪ್ಪಬಹುದು. ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಧಾಮದಂಥ ಹುಲ್ಲುಗಾವಲಿನಲ್ಲಿ ಒಂದನ್ನೊಂದು ಹೋಲುವ ಪಿಪಿಟ್‌ಗಳನ್ನು ಬೇರ್ಪಡಿಸಲು ಹಾರುವಾಗಿನ ಕೂಗೇ ಗಟ್ಟಿ ಆಧಾರ; ಜೊತೆಗಾರನಿಗೆ ತಾನು ಯಾರೆಂದು ತಿಳಿಸದಿದ್ದರೆ ಆ ಕೂಗಿಗೆ ಅರ್ಥವೇ ಇಲ್ಲ. ಗಿಡುಗದ ‘ಸೀ’ಯಲ್ಲಿ ಗುರುತಿನ ಅಂಶವೇ ತೆಳು. ಅಲ್ಲಿನ ಕೊರತೆ ಧ್ವನಿಮುದ್ರಣದ್ದಲ್ಲ.

ದಕ್ಷಿಣ ಭಾರತದ ಬಂಡೆಬೆಟ್ಟಗಳಿಗೇ ಸೀಮಿತವಾದ ಹಳದಿ ಕೊರಳಿನ ಪಿಕಳಾರ ಮಧುಗಿರಿಯಲ್ಲಿದೆ. ಅದರ ಕೂಗನ್ನಾಗಲಿ, ಶಿರಾ, ಪಾವಗಡಗಳ ಯಾವುದೇ ಹಕ್ಕಿಯ ಕೂಗನ್ನಾಗಲಿ ಫೋನಿನಲ್ಲಿ ಹಿಡಿಯುವವರು ಹೆಸರಿನ ಪಕ್ಕ ಇನ್ನೊಂದು ಸಾಲು ಬರೆದಿಡಿ: ಆಗ ಮೇಲೆ ಗಿಡುಗವಿತ್ತೇ, ಕೆಳಗೆ ಹಾವಿತ್ತೇ, ಬೆಕ್ಕಿತ್ತೇ?