ಕೋವಿ ಗಲ್ಲಕ್ಕ ಬರಬೇಕು

ನಮ್ಮ ಮನಗೂಳ್ಯಾಗ ಬಂದೂಕ ಅಂದ್ರ ಬ್ಯಾಂಕಿನ ಬಾಗಲಾಗ ನಿಂತಾಂವನ ಹೆಗಲಮ್ಯಾಲ ಇರೂದು ಅಷ್ಟ. ಪಾಸ್‌ಬುಕ್ ಹಿಡಕೊಂಡು ಪಾಳಿ ಹಚ್ಚಿದಾಗ ನೀವೂ ನೋಡಿರತೀರಿ. ಹೆಚ್ಚಾಗಿ ಅದು ಹನ್ನೆರಡು ಬೋರಿಂದು. ಒಂದು ಪೌಂಡ್ ಸೀಸಾ ಕರಗಿಸಿ 12 ಸಮ ಗುಂಡ ಮಾಡಿದ್ರ, ಅದರಾಗಿನ ಒಂದು ಗುಂಡು ಹಿಡಿಸೋವಷ್ಟು ನಳಿಗಿ ಅಗಲ ಇರತದ, ಅದಕ್ಕ ಆ ಹೆಸರು.

ಮನ್ಯಾಗಿನ ಬಂದೂಕ ನಮ್ಮ ಕಡಿಂದ ಹ್ವಾದದ್ದು ಹೆಂಗ ಅಂತ ಕೇಳಿದ್ರ ಹಲಗಲಿ ನೆನಪಾಗತದ. ನಮ್ಮ ಮಗ್ಗಲ ಬಾಗಲಕೋಟಿ ಜಿಲ್ಲಾ, ಮುಧೋಳ ತಾಲೂಕಿನ ಊರು. 1857ರಾಗ ಇಂಗ್ಲಿಷರು ಹತಿಯಾರ ಒಪ್ಪಿಸ್ರಿ ಅಂತ ಕಾನೂನು ತಂದ್ರು. ಬ್ಯಾಡರು ಕೊಡಂಗಿಲ್ಲ ಅಂದ್ರು. ಆ ವರ್ಷ ನವೆಂಬರದಾಗ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು, ಸಿಕ್ಕವರನ್ನ ಗಲ್ಲಿಗೆ ಹಾಕಿದ್ರು. ಈಗ ಉಳದದ್ದು ಲಾವಣಿ.

ಕೊಡಗಿನ್ಯಾಗ ಹಂಗಾಗಲಿಲ್ಲ ನೋಡ್ರಿ. 1861ರಾಗ ಕಮಿಷನರ್ ಮಾರ್ಕ್ ಕಬ್ಬನ್ ಅಲ್ಲಿಯವರಿಗೆ ಹತಿಯಾರ ಕಾನೂನಿನಿಂದ ವಿನಾಯಿತಿ ಕೊಟ್ಟ. ಸರಕಾರಕ್ಕ ಅವರ ಮ್ಯಾಲ ನಂಬಿಗಿ ಇತ್ತು, ಹಲಗಲಿ ಮ್ಯಾಲ ಇರಲಿಲ್ಲ, ಅಷ್ಟ ಫರಕು. ಕೊಡವರಿಗೆ, ಜಮ್ಮಾ ಭೂಮಿ ಇದ್ದವರಿಗೆ ಆ ವಿನಾಯಿತಿ ಇನ್ನೂ ಅದ. 2019ರಾಗ ಕೇಂದ್ರ ಸರಕಾರ ಅದನ್ನ 2029ರ ತನಕ ಮುಂದುವರಿಸೇದ.

ನನ್ನ ತಂಗಿ ಮಗಳು ಮಡಿಕೇರ್ಯಾಗ ಇರತಾಳ. ಅಕಿ ಮನಿಗೆ ಹ್ವಾದಾಗ ಕೈಲ್ ಪೊಳ್ದ್ ಹಬ್ಬ ನೋಡಿದೆ. ಭತ್ತದ ನಾಟಿ ಮುಗದ ಮ್ಯಾಲ, ಸಪ್ಟೆಂಬರ್ ಶುರುವಿಗೆ ಬರತದ. ನಾವು ಖಂಡೇಪೂಜಿಗೆ ಕುಡಗೋಲು, ಕುರ್ಪಿ ಇಡತೀವಲ್ಲ, ಅವರು ಕೋವಿ ಇಡತಾರ, ಅದಕ್ಕ ತೋಕ್ ಪೂ ಅಂಬೋ ಕೆಂಪು-ಹಳದಿ ಹೂ ಏರಸತಾರ. ತೋಕ್ ಅಂದ್ರ ಅವರ ಭಾಷಾದಾಗ ಕೋವಿ. ಆಮ್ಯಾಲ ಎತ್ತರದ ಗಿಡಕ್ಕ ತೆಂಗಿನಕಾಯಿ ಕಟ್ಟಿ ಹೊಡಿಯೋ ಪಂದ್ಯ.

ಅಲ್ಲಿ ಒಬ್ಬ ಅಜ್ಜಾರು ಹುಡುಗರಿಗೆ ಖಾಲಿ ಕೋವಿ ಕೊಟ್ಟು ಬರೇ ಎತ್ತೂದು, ಇಳಸೂದು ಮಾಡಸಲಿಕ್ಕತ್ತಿದ್ರು. ನನಗ ಪಂದ್ಯಕ್ಕಿಂತ ಅದ ಛಲೋ ಅನಸ್ತು. ಎಡಗಾಲು ಒಂದೀಟ ಮುಂದ, ಮೈಭಾರ ಅದರ ಮ್ಯಾಲ. ಎರಡೂ ಕೈಲೆ ಕೂಡೇ ಎತ್ತಬೇಕು, ಎಡಗೈ ನಳಿಗಿನ್ನ ಗುರಿ ಕಡೆ ಒಯ್ಯಬೇಕು. ಕಟ್ಟಿಗಿ ಮೊದಲ ಗಲ್ಲಕ್ಕ ತಾಕಬೇಕು, ಆಮ್ಯಾಲ ಭುಜದ ಕುಳಿಗೆ ಕೂಡಬೇಕು. ಹೊಸಬರು ಮೊದಲ ಭುಜಕ್ಕ ಒತ್ತಿ, ಆಮ್ಯಾಲ ಕುತ್ತಿಗಿ ಬಗ್ಗಿಸಿ ಗಲ್ಲ ಇಡತಾರ. ತುತ್ತು ಬಾಯಿಗೆ ಬರಬೇಕು, ಬಾಯಿ ತಾಟಿಗೆ ಹೋಗಬಾರದು, ಹಂಗ.

ಯಾಕಂದ್ರ ರೈಫಲ್‌ಗೆ ಗುರಿ ಹಿಡೀಲಿಕ್ಕೆ ಹಿಂದೊಂದು ಮುಂದೊಂದು ಗುರ್ತು ಇರತಾವ. ಈ ಕೋವಿಗೆ ತುದಿಗೆ ಒಂದು ಮಣಿ ಅಷ್ಟ, ಹಿಂದಿನ ಗುರ್ತು ಅಂದ್ರ ನಿಮ್ಮ ಕಣ್ಣ. ಗಲ್ಲ ದಿನಾ ಒಂದ ಜಾಗಾದಾಗ ಕೂತ್ರ ಕಣ್ಣೂ ಅಲ್ಲೇ ಇರತದ. ತಲಿ ಎತ್ತಿದ್ರ ಏಟು ಮ್ಯಾಲ ಹೋಗತದ. ಬಲಗಡೆ ಹಿಡಿಯೋರಿಗೆ ಎಡಗಣ್ಣು ಜೋರಿದ್ರ ಎಡಕ್ಕ ಹೋಗತದ. ಯಾವ ಕಣ್ಣು ಜೋರು ಅಂತ ಮನ್ಯಾಗ ನೋಡಬಹುದು: ಕೈ ಮುಂದ ಚಾಚಿ ಎರಡೂ ಅಂಗೈ ನಡುವ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತಗದು ಅದರೊಳಗಿಂದ ಗ್ವಾಡಿ ಮ್ಯಾಲಿನ ಗಡಿಯಾರ ನೋಡಕೋತ ಕೈ ಮುಖಕ್ಕ ತರ್ರಿ. ಕಿಂಡಿ ಯಾವ ಕಣ್ಣಿಗೆ ಬರತದ ಅದ ಜೋರು. ನನ್ನದು ಎಡದು.

ತೆಂಗಿನಕಾಯಿ ನಿಂತಲ್ಲೆ ನಿಂತಿರತದ. ಒಲಿಂಪಿಕ್ಸಿನ್ಯಾಗ ಹಾರೋ ಬಿಲ್ಲಿ, 11 ಸೆಂಟಿಮೀಟರ್ ಅಗಲದ್ದು. ಅದನ್ನ ಹೊಡಿಯೋವಾಗ ಮಣಿ ನೋಡಬಾರದಂತ, ಬಿಲ್ಲಿನ್ನ ನೋಡಬೇಕು. ರೊಟ್ಟಿ ಬಡಿಯೋವಾಗ ನಾವು ಕೈ ನೋಡತೀವೇನು? ಬಿಕಾನೇರದ ಮಹಾರಾಜ ಕರ್ಣಿ ಸಿಂಗ್ 1962ರಾಗ ಕೈರೋ ವಿಶ್ವ ಪಂದ್ಯದಾಗ ಬೆಳ್ಳಿ ತಂದ್ರು, 2004ರಾಗ ಅಥೆನ್ಸಿನ್ಯಾಗ ರಾಜ್ಯವರ್ಧನ್ ರಾಠೋಡ್ ಇನ್ನೊಂದು ಬೆಳ್ಳಿ.

ಅದರಾಗ ಸ್ಕೀಟ್ ಅನ್ನೋ ಆಟದಾಗಂತೂ ಬಿಲ್ಲಿ ಹಾರೂತನಕ ಕೋವಿ ಟೊಂಕದ ಹಂತೇಕ ಇಟಗೊಂಡ ನಿಂದರಬೇಕು. ಕಂಡ ಕೂಡಲೆ ಗಲ್ಲಕ್ಕ ತರಬೇಕು, ಅಜ್ಜಾರು ಮಾಡಸ್ತಿದ್ದದ್ದು ಅದ. ಸ್ಕೀಟ್ ಅಂತ ಹೆಸರಿಟ್ಟಾಕಿ ಅಮೇರಿಕಾದ ಗರ್ಟ್ರೂಡ್ ಹರ್ಲ್‌ಬಟ್ ಅಂಬೋ ಹೆಣ್ಮಗಳು. 1926ರಾಗ ಹೆಸರು ಸೂಚಿಸ್ರಿ ಅಂತ ಪತ್ರಿಕ್ಯಾಗ ಸ್ಪರ್ಧಾ ಇಟ್ಟಿದ್ರು, ಅಕಿ ಗೆದ್ದು 100 ಡಾಲರ್ ಇಸಗೊಂಡ್ಲು. ಮಡಿಕೇರ್ಯಾಗೂ ತೆಂಗಿನಕಾಯಿ ಹೊಡಿಲಿಕ್ಕೆ ಹೆಣ್ಮಕ್ಕಳು ಪಾಳಿಗೆ ನಿಂತಿದ್ರು, ಸೀರಿ ಸೆರಗು ಟೊಂಕಕ್ಕ ಸಿಗಸಿಕೊಂಡು.