ಕುಸುಬೆಯ ಸಾಲು, ಅಗಸೆಯ ಹಿಂಡಿ

ಅರಸರ ಚರಿತ್ರೆಯನ್ನು ಬರೆದಷ್ಟು ಆಸ್ಥೆಯಿಂದ ನಾವು ಎಣ್ಣೆಯ ಚರಿತ್ರೆಯನ್ನು ಬರೆದಿಲ್ಲ. ಆದರೆ ಅರಸರ ಕಾಲದ ಶಾಸನಗಳಲ್ಲಿಯೇ ಎಣ್ಣೆಯ ಜಿಡ್ಡು ಉಳಿದಿದೆ. ದೇವರ ನಂದಾದೀವಿಗೆಗೆಂದು ಗಾಣಕ್ಕೆ ಇಂತಿಷ್ಟು ಎಣ್ಣೆಯನ್ನು ಬಿಟ್ಟುಕೊಟ್ಟ ತೆಲ್ಲಿಗರೂ, ‘ಅಯ್ವತ್ತೊಕ್ಕಲು’ ಎಂಬ ಅವರ ಸಂಘವೂ ಅಲ್ಲಿ ಕಾಣಸಿಗುತ್ತವೆ. ದೀಪಕ್ಕೆ ಸಂದ ಎಣ್ಣೆಗೆ ಲೆಕ್ಕವಿದೆ. ಅಡುಗೆಮನೆಗೆ ಸಂದದ್ದಕ್ಕೆ ಲೆಕ್ಕವಿಟ್ಟವರಿಲ್ಲ. ನಾನು ಹೇಳಹೊರಟಿರುವುದು ಈ ಎರಡನೆಯ ಎಣ್ಣೆಯ ಮಾತನ್ನು.

ಮಸ್ಕಿ, ಲಿಂಗಸುಗೂರು, ಸಿಂಧನೂರು ಸೀಮೆಯ ವಳಕಮದಿನ್ನಿಯಂಥ ಊರುಗಳಿರುವುದು ಬಿಸಿಲ ನಾಡಿನಲ್ಲಿ. ಇಂಥ ಎರೆನಾಡಿನಲ್ಲಿ ಹಿಂಗಾರಿ ಜೋಳದ ಹೊಲದಂಚಿಗೆ ಮುಳ್ಳಿನ ಕುಸುಬೆಯ ಸಾಲನ್ನು ಹಾಕುವುದು ಹಳೆಯ ರೂಢಿ. ಅದು ದನಗಳಿಗೆ ಬೇಲಿ, ಮನೆಗೆ ಎಣ್ಣೆ. ರೊಟ್ಟಿಯ ಜೊತೆಗೆ ಅಗಸೆಯ ಹಿಂಡಿ, ಗುರೆಳ್ಳಿನ ಹಿಂಡಿ.

ಇದರ ಬೆಲೆಯನ್ನು ಪ್ರಯೋಗಾಲಯವು ಅರಿತದ್ದು ತಡವಾಗಿ. ೧೯೨೯ರಲ್ಲಿ ಅಮೆರಿಕದ ಬರ್ ದಂಪತಿಗಳು, ಕೊಬ್ಬಿಲ್ಲದ ಆಹಾರವನ್ನುಂಡ ಇಲಿಗಳ ಚರ್ಮ ಹೊಪ್ಪಳಿಸಿ ಅವು ಸಾಯುವುದನ್ನು ಕಂಡರು. ಕೆಲವು ಕೊಬ್ಬಿನಾಮ್ಲಗಳನ್ನು ದೇಹವು ತಾನೇ ತಯಾರಿಸಿಕೊಳ್ಳಲಾರದು ಎಂಬುದು ಸ್ಥಿರಪಟ್ಟಿತು. ಅವುಗಳಲ್ಲಿ ಲಿನೋಲಿಯಿಕ್ ಆಮ್ಲ ಕುಸುಬೆಯೆಣ್ಣೆಯಲ್ಲಿ ಬಹುಪಾಲು; ಒಮೇಗಾ-೩ ವರ್ಗದ ಲಿನೋಲೆನಿಕ್ ಆಮ್ಲ ಅಗಸೆಯೆಣ್ಣೆಯಲ್ಲಿ ಅರ್ಧದಷ್ಟು.

ಆದರೆ ಇಲ್ಲೊಂದು ವಿಪರ್ಯಾಸವಿದೆ. ದೇಹಕ್ಕೆ ಬೇಕಾದ ಈ ಆಮ್ಲಗಳೇ ಆಮ್ಲಜನಕಕ್ಕೆ ಬೇಗ ಸೋಲುತ್ತವೆ. ಅಗಸೆಯೆಣ್ಣೆಯನ್ನು ಬಣ್ಣಕ್ಕೆ ಬೆರೆಸಿದರೆ ಗಟ್ಟಿಯಾಗುವುದೂ, ಡಬ್ಬಿಯಲ್ಲಿಟ್ಟರೆ ಕಮಟುವುದೂ ಒಂದೇ ಕಾರಣದಿಂದ. ಜೀವಕೋಶದ ಪೊರೆಯಲ್ಲಿಯೂ ಇಂಥ ಉತ್ಕರ್ಷಣ ನಡೆಯಬಲ್ಲದು. ಅದನ್ನು ತಡೆಯುವ ಕಾವಲುಗಾರರಲ್ಲಿ ೧೯೨೨ರಲ್ಲಿ ಪತ್ತೆಯಾದ ಇ ಜೀವಸತ್ವವೂ ಒಂದು. ಎಣ್ಣೆಬೀಜವು ಈ ಕಾವಲುಗಾರನನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಬೇಕಾದಷ್ಟನ್ನೇ ಹುರಿದು ಕುಟ್ಟುವ ಅಡುಗೆಮನೆಗೆ ಈ ವಿಚಾರ ತಿಳಿದಿರಲಿಲ್ಲ. ಅದರ ನಡೆ ಮಾತ್ರ ಸರಿಯಾಗಿತ್ತು.

೧೯೫೩ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಎಡದಂಡೆ ಕಾಲುವೆ ಮುಟ್ಟಿದ ಸಿಂಧನೂರು ಭತ್ತದ ನಾಡಾಯಿತು. ಬರದ ಸೀಮೆಗೆ ಅನ್ನ ಬಂದುದನ್ನು ಹಳಿಯುವವನು ನಾನಲ್ಲ. ಆದರೆ ನೀರು ನಿಂತ ಗದ್ದೆಯ ಬದುವಿನಲ್ಲಿ ಕುಸುಬೆ ನಿಲ್ಲಲಾರದು.

ಈಗ ಅದೇ ಆಮ್ಲಗಳು ಗುಳಿಗೆಗಳಾಗಿ ಔಷಧದಂಗಡಿಗೆ ಬಂದಿವೆ. ಅಮೆರಿಕದಲ್ಲಿ ೨೫,೮೭೧ ಮಂದಿಯ ಮೇಲೆ ಸುಮಾರು ಐದು ವರ್ಷ ನಡೆದ ಪರೀಕ್ಷೆಯೊಂದರ ಫಲಿತಾಂಶ ೨೦೧೮ರಲ್ಲಿ ಪ್ರಕಟವಾಯಿತು. ದಿನಕ್ಕೊಂದು ಗ್ರಾಮಿನ ಮೀನೆಣ್ಣೆಯ ಗುಳಿಗೆಯು ಕ್ಯಾನ್ಸರನ್ನಾಗಲಿ, ಹೃದಯಾಘಾತ, ಪಾರ್ಶ್ವವಾಯುಗಳಂಥ ಪ್ರಮುಖ ಆಘಾತಗಳ ಒಟ್ಟು ಸಂಖ್ಯೆಯನ್ನಾಗಲಿ ಗಮನಾರ್ಹವಾಗಿ ತಗ್ಗಿಸಲಿಲ್ಲ. ಹಾಗೆಂದು ಅಗಸೆಯು ಮೀನೆಣ್ಣೆಗೆ ಸಮನೆಂದೂ ಹೇಳಲಾಗದು. ಅಗಸೆಯ ಆಮ್ಲದ ಅಲ್ಪಭಾಗವನ್ನಷ್ಟೇ ದೇಹವು ಮೀನೆಣ್ಣೆಯ ಬಗೆಯ ಆಮ್ಲವಾಗಿ ಮಾರ್ಪಡಿಸಬಲ್ಲದು. ಹಿಂಡಿಯನ್ನು ಮದ್ದೆಂದು ಯಾರೂ ಉಂಡವರಲ್ಲ, ರೊಟ್ಟಿಗೆ ರುಚಿಯೆಂದು ಉಂಡರು. ಹೊಲ, ಗಾಣ, ಒರಳು ಎಂಬ ಸರಪಣಿಯಿಂದ ಒಂದು ಕೊಂಡಿಯನ್ನು ಬಿಡಿಸಿ ಗುಳಿಗೆಯಲ್ಲಿ ತುಂಬಿದಾಗ, ಉಳಿದ ಕೊಂಡಿಗಳೂ ಅದರೊಡನೆ ಬಂದಾವೆಂದು ನಂಬುವುದೇ ನಮ್ಮ ಕಾಲದ ಭ್ರಮೆ.